ಮನೆಗೆ ತೆಗೆದಿಟ್ಟ ಗೊನೆ

ಈ ಬರಹಕ್ಕೆ ಮೊದಲು ಬೇರೆ ವಾಕ್ಯ ಬರೆದಿದ್ದೆ: ‘ಕಮಲಾಪುರದ ನೀಲಮ್ಮನವರ ಬಾಳೆಹಣ್ಣು ನನ್ನ ಒಂದೇ ಸಾಲಿನಿಂದ ಮಾರಾಟವಾಯಿತು.’ ಓದಿ ನೋಡಿದೆ. ಅಚ್ಚುಕಟ್ಟಾಗಿತ್ತು. ವೃತ್ತಿಯುದ್ದಕ್ಕೂ ಇಂಥ ವಾಕ್ಯಗಳನ್ನೇ ಬರೆದು ಹೊಟ್ಟೆ ಹೊರೆದವಳಿಗೆ ಅದರ ವಾಸನೆ ಬೇಗ ಹತ್ತುತ್ತದೆ. ಹೊಡೆದುಹಾಕಿದೆ.

ಈಗ ಹೀಗೆ ಹೇಳುತ್ತೇನೆ. ನೀಲಮ್ಮ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಾರೆ. ಅವರ ತೋಟದ ಹಣ್ಣು ವರ್ಷ ವರ್ಷವೂ ಬಸಲಿಂಗಪ್ಪ ಎಂಬ ವ್ಯಾಪಾರಿಯ ಹೆಸರಿನಲ್ಲಿ ಕಲಬುರಗಿಗೆ ಬರುತ್ತಿತ್ತು. ಒಂದು ವರ್ಷ ನೀಲಮ್ಮ ಹಟ ಹಿಡಿದರು: ಈ ಸಲ ಹಣ್ಣು ನನ್ನ ಹೆಸರಿನ ಪೆಟ್ಟಿಗೆಯಲ್ಲೇ ಹೋಗಬೇಕು. ಹೋಗದಿದ್ದರೆ ಮತ್ತೆ ಬಸಲಿಂಗಪ್ಪನ ಬಾಗಿಲಿಗೇ ಹೋಗಬೇಕಿತ್ತು. ಅವನು ನಗುತ್ತ ಕಾಯುತ್ತಿದ್ದ. ಆ ಪೆಟ್ಟಿಗೆಗೆ ಮಾತು ಬರೆದುಕೊಟ್ಟದ್ದು ನಿವೃತ್ತಿಗೆ ಮೊದಲು ನನ್ನ ಕೈಯಲ್ಲಿದ್ದ ಕೊನೆಯ ದೊಡ್ಡ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಕೇಳುತ್ತಾರೆ, ಜನರ ಮನಸ್ಸು ತಿರುಗಿಸುವುದು ಹೇಗೆ ಎಂದು. ಅದಕ್ಕೆ ಉತ್ತರ ಎನ್ನುವಂಥದ್ದು ನನ್ನಲ್ಲಿ ಏನಾದರೂ ಇದ್ದರೆ ಅದು ನೀಲಮ್ಮನವರ ಗೊನೆಯೊಂದೇ. ಆದರೆ ಅಲ್ಲಿಗೆ ಹೋಗಲು ಚಪ್ಪಲಿಯಿಂದ ಶುರು ಮಾಡಬೇಕು.

ನಾನು ಸೇರಿದ ಕಚೇರಿ ಬ್ರಹ್ಮಪುರದಲ್ಲಿ ಒಂದು ಮುದ್ರಣಾಲಯದ ಮೇಲಿತ್ತು. ಯಜಮಾನರು ಮೌಲಾಸಾಬರು. ಆಟೋಕ್ಕೆ ಮೈಕು ಕಟ್ಟಿ ಊರು ಸುತ್ತಿಸುವುದು, ದಿನಪತ್ರಿಕೆಯ ಒಳಗೆ ಚೀಟಿ ಇಡಿಸುವುದು, ಕೇಬಲ್ ಟಿವಿಯ ಕೆಳಗೆ ಓಡುವ ಸಾಲು ಬರೆಸುವುದು, ಇಷ್ಟೇ ನಮ್ಮ ಜಾಹೀರಾತು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಬರೆದದ್ದನ್ನು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ಕರೆದೊಯ್ದು ಹೇಳಿಸುತ್ತಿದ್ದರು. ಓದಬಾರದು, ಅವರಿಗೆ ಸುದ್ದಿ ಹೇಳುವಂತೆ ಸಾದಾ ದನಿಯಲ್ಲಿ ಹೇಳಬೇಕು. ಪಕ್ಕದ ಬೆಂಚಿನವನು ಚಹಾ ಕುಡಿಯುವುದನ್ನು ನಿಲ್ಲಿಸಿ ಇತ್ತ ತಿರುಗಿದರೆ ಸಾಲು ಪಾಸು.

ಯಾರೂ ತಿರುಗದ ದಿನ ಅವರು ಹೇಳುತ್ತಿದ್ದ ಮಾತು ಒಂದೇ: “ಸುಧಾಬಾಯಿ, ಕಾಗದದಾಗ ಭಾಳ ಛಲೋ ಅದ. ಖರೆ, ಕಾಗದ ಸೀರಿ ಉಡಂಗಿಲ್ಲ.”

ಒಬ್ಬ ಸೀರೆ ಅಂಗಡಿಯವರು ಬಂದರು. ವ್ಯಾಪಾರ ಇಳಿದಿದೆ, ಜೋರಾಗಿ ಏನಾದರೂ ಬರೆಯಿರಿ ಎಂದರು. ಮೌಲಾಸಾಬರು ಬರೆಯಿಸಲಿಲ್ಲ, ಅಂಗಡಿ ನೋಡಲು ಹೋದರು. ಗ್ರಾಹಕರು ಬಿಚ್ಚಿದ ಚಪ್ಪಲಿಗಾಗಿ ಅಂಗಡಿಯವರು ಒಳಗೆ ಒಂದು ಚೆಂದದ ಕಪಾಟು ಮಾಡಿಸಿದ್ದರು. ಬಾಗಿಲ ಮುಂದೆ ಒಂದು ಜೋಡೂ ಇಲ್ಲ. “ಹಾದಿ ಮ್ಯಾಲ ಹೋಗೋ ಹೆಣ್ಮಗಳಿಗಿ ಒಳಗ ಯಾರೂ ಇಲ್ಲ ಅನಸ್ತದರಿ. ಚಪ್ಪಲಿ ಹೊರಗ ಬಿಡಸ್ರಿ. ಬೇಕಾರ ನಿಮ್ಮ ಮನಿ ಮಂದೀದೂ ತಂದು ಬಿಡ್ರಿ,” ಎಂದರಂತೆ ಮೌಲಾಸಾಬರು. ಚಪ್ಪಲಿಯ ರಾಶಿ ಬಿತ್ತು, ಜನರೂ ಬಂದರು.

ಈ ಕಥೆಯನ್ನು ನಾನು ಎಷ್ಟೋ ಮಂದಿ ಹೊಸಬರಿಗೆ ಹೇಳಿದ್ದೇನೆ. ಈಚೆಗೆ ಮೌಲಾಸಾಬರನ್ನು ಮನೆಯಲ್ಲಿ ಕಂಡಾಗ ಅವರ ಮುಂದೆಯೇ ಹೇಳಿದೆ. ಅವರು ಕೇಳಿ ನಕ್ಕರು. “ನಾ ಎಲ್ಲಿ ಹೇಳ್ದೆ ಬಾಯಿ? ಆ ಕಪಾಟಿಗಿ ಗೆದ್ದಲು ಹತ್ತಿತ್ತು, ಅದಕ್ಕ ಹೊರಗ ಬಿಟ್ರು. ನಾ ಬರೇ ನೋಡ್ದೆ.” ಯಾರ ನೆನಪು ಸರಿ, ಗೊತ್ತಿಲ್ಲ. ಗೆದ್ದಲು ಬಂದರೆ ನನ್ನ ಪಾಠ ಕೆಡುತ್ತದೆ, ಆದ್ದರಿಂದ ನನ್ನ ನೆನಪು ಗೆದ್ದಲನ್ನು ತೆಗೆದಿರಬಹುದು. ಗಿರಾಕಿಗಾಗಿ ಬರೆಯುವಾಗ ನಾನು ಮಾಡುತ್ತಿದ್ದದ್ದೂ ಅದನ್ನೇ.

ಮೌಲಾಸಾಬರು ಮನೆಯಲ್ಲಿ ಕೂತ ಮೇಲೆ ಅವರ ಮಗಳು ಶಾಹೀನ್ ಕುರ್ಚಿಗೆ ಬಂದಳು. ಚಿಕ್ಕಂದಿನಲ್ಲಿ ನನ್ನ ಮೇಜಿನ ಕೆಳಗೆ ಆಡಿದವಳು ಈಗ ನನ್ನ ಮೇಲಧಿಕಾರಿ. ಪುಣೆಯಲ್ಲಿ ಮಾರಾಟಶಾಸ್ತ್ರ ಓದಿ ಬಂದಿದ್ದಳು. ಅಪ್ಪನ ಪ್ರತಿಯೊಂದು ಅಭ್ಯಾಸಕ್ಕೂ ಪುಸ್ತಕದಲ್ಲಿ ಹೆಸರಿದೆ ಎಂದು ಅವಳಿಗೆ ಖುಷಿ. ನಾಲ್ಕು ಜನ ಹೋದ ಕಡೆ ಐದನೆಯವನು ಹೋಗುತ್ತಾನೆ, ಕೊಟ್ಟವರಿಗೆ ತಿರುಗಿ ಕೊಡಬೇಕು ಅನ್ನಿಸುತ್ತದೆ, ಕಡಿಮೆ ಇದ್ದದ್ದಕ್ಕೆ ಕೈ ಬೇಗ ಚಾಚುತ್ತದೆ. ಇವನ್ನೆಲ್ಲ ಬರೆದು ಗೋಡೆಯ ಮೇಲೆ ಅಂಟಿಸಿದ್ದಳು.

“ಆಂಟಿ, ಅಬ್ಬಾ ಬಾಗಲಾಗ ಚಪ್ಪಲಿ ಬಿಡಸಿದ್ರು. ನಾ ಫೋನಿನ್ಯಾಗ ಬಿಡಸ್ತೀನಿ,” ಎನ್ನುತ್ತಿದ್ದಳು. ‘ಈಗ ಇಷ್ಟು ಜನ ಇದನ್ನು ನೋಡುತ್ತಿದ್ದಾರೆ’ ಎಂದು ಪುಟದ ಮೂಲೆಯಲ್ಲಿ ಮಿನುಗುತ್ತದಲ್ಲ, ಅದು ಆ ಚಪ್ಪಲಿ ರಾಶಿ.

ಚಹಾದಂಗಡಿಗೆ ಹೋಗುವುದು ನಿಂತಿತು. ಈಗ ಎರಡು ಸಾಲು ಬರೆಯಬೇಕು. ಅರ್ಧ ಜನರ ಫೋನಿಗೆ ಒಂದು ಹೋಗುತ್ತದೆ, ಇನ್ನರ್ಧಕ್ಕೆ ಇನ್ನೊಂದು. ಯಾವುದನ್ನು ಹೆಚ್ಚು ಜನ ಒತ್ತಿದರೋ ಅದು ಉಳಿಯುತ್ತದೆ. ನನಗೆ ಇದು ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಬೆಂಚಿನವನು ತಿರುಗಿದ್ದು ನನ್ನ ಮಾತಿಗೋ ಬಸ್ಸಿನ ಹಾರ್ನಿಗೋ ಎಂಬ ಅನುಮಾನ ನನಗೆ ಯಾವತ್ತೂ ಇತ್ತು. ಪರದೆಯಲ್ಲಿ ಆ ಅನುಮಾನವಿಲ್ಲ. ಆದರೆ ಯಾರು ಒತ್ತದೆ ಹೋದರು ಎಂದು ಪರದೆ ಹೇಳುತ್ತದೆ, ಯಾಕೆ ಹೋದರು ಎಂದು ಹೇಳುವುದಿಲ್ಲ. ಚಹಾದಂಗಡಿಯ ಬೆಂಚಿನವನನ್ನಾದರೆ ಕೇಳಬಹುದಿತ್ತು.

ಶಾಹೀನಳ ಗೋಡೆಯ ಸೂತ್ರಗಳು ನಮ್ಮ ಕಡೆ ಸೊಟ್ಟಗೆ ನಡೆಯುತ್ತವೆ ಎಂದು ಮೊದಲು ಕಂಡದ್ದು ಶರಣಸಿರಸಗಿಯಲ್ಲಿ. ಅಲ್ಲಿ ಹೊಸ ಲೇಔಟಿನ ನಿವೇಶನ ಮಾರುವವರಿಗೆ ನಾವು ಆನ್‌ಲೈನ್ ಆಹ್ವಾನ ಬರೆದುಕೊಟ್ಟಿದ್ದೆವು: ಬನ್ನಿ, ನಿವೇಶನ ನೋಡಿ, ಊಟ ಮಾಡಿಕೊಂಡು ಹೋಗಿ. ಉಂಡವರಿಗೆ ಋಣದ ಭಾರ ಇರುತ್ತದೆ, ಕೊಳ್ಳುತ್ತಾರೆ ಎಂಬುದು ಲೆಕ್ಕ. ಜನ ಬಂದರು, ಉಂಡರು, ಹೋದರು. ಮುಂದಿನ ವಾರ ಹಲವರು ಮತ್ತೆ ಬಂದರು. ಮಾರುವ ಹುಡುಗ ಕಾಗದಪತ್ರ ತೆಗೆದಿಟ್ಟು ಕೂತ. ಬಂದವರು ಅವನ ಮೇಜಿನ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟರು. “ಅವತ್ತು ನೀವು ಉಣಸಿದ್ರಿ. ಹಂಗs ಇರಲಾಕ ಆಗ್ತದೇನ್ರಿ?” ಎಂದು ಹೇಳಿ, ಋಣ ತೀರಿಸಿ, ಹಗುರಾಗಿ ಮನೆಗೆ ಹೋದರು. ನಿವೇಶನದ ಮಾತು ಯಾರೂ ಎತ್ತಲಿಲ್ಲ. ಆ ಹುಡುಗ ಡಬ್ಬಿಗಳನ್ನು ನಮ್ಮ ಕಚೇರಿಗೆ ತಂದುಕೊಟ್ಟ. ಹೋಳಿಗೆ ಚೆನ್ನಾಗಿದ್ದವು.

ಶಾಹೀನ್ ಅದನ್ನು ತಮಾಷೆಯೆಂದು ಬಿಟ್ಟಳು. ನಾನೂ ಬಿಟ್ಟೆ. ನೀಲಮ್ಮ ಬಂದಾಗ ನೆನಪಾಗಬೇಕಿತ್ತು, ಆಗಲಿಲ್ಲ.

ನೀಲಮ್ಮ ಸೊಸೆಯ ಜೊತೆ ಬಂದರು. ಹಣ್ಣು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮೊದಲು ನಮಗೆ ತಿನ್ನಿಸಿ, ಆಮೇಲೆ ಮಾತು.

“ಬಸಲಿಂಗಪ್ಪ ಅಂತಾನ, ಹಣ್ಣಿನ ಮ್ಯಾಲ ಹೆಸರು ಬರದ್ರ ಮಂದಿ ಅದನ್ನ ಸಿಪ್ಪಿ ಜೊತಿ ಬಿಸಾಕ್ತಾರ ಯಕ್ಕಾ ಅಂತ. ಅಕ್ಕೋರೆ, ನಮ್ಮ ಹಣ್ಣು ತಿಂದವ್ರು ಅಂವನ ಹೆಸರು ಹೇಳ್ತಾರ. ಗಿಡಕ್ಕ ನೀರು ಬಿಟ್ಟಾಕಿ ನಾನು. ಒಂದು ಸಲ ನನ್ನ ಹೆಸರು ಹೇಳಿ ತಿನ್ಲಿ. ಈ ಸಲ ಆಗಲಿಲ್ಲಂದ್ರ ಮುಂದ ಕೇಳಂಗಿಲ್ಲ.”

ಶಾಹೀನ್ ಅವರ ಫೋಟೋ ತೆಗೆದಳು, ಗೊನೆಯ ಪಕ್ಕ ನಿಲ್ಲಿಸಿ. “ಸ್ವಲ್ಪ ನಗ್ರಿ ಅಮ್ಮಾ.”

“ಯಾಕ, ನಾ ಹಲ್ಲು ತೋರ್ಸಿದ್ರ ಗಿರಾಕಿ ಬರ್ತಾರೇನು? ಮಂಗ್ಯಾ ಬರ್ತಾವ.”

ಆರ್ಡರು ಪಡೆಯಲು ಮಾಡಿದ ಆನ್‌ಲೈನ್ ಪುಟಕ್ಕೆ ನಗದೆ ನಿಂತ ಫೋಟೋವೇ ಹೋಯಿತು. ಚೆನ್ನಾಗಿತ್ತು. ಕೆಳಗೆ ‘ಕಮಲಾಪುರದ ನೀಲಮ್ಮನ ತೋಟದಿಂದ’ ಎಂದು ಬರೆದೆ. ಅವರು ಬೆಳಿಗ್ಗೆ ಗೊನೆ ಹೇಗೆ ತಟ್ಟಿ ನೋಡುತ್ತಾರೆ, ಹುಲ್ಲು ಮುಚ್ಚಿ ಹೇಗೆ ಹಣ್ಣು ಮಾಡುತ್ತಾರೆ, ಸೊಸೆ ಕಳಿಸುತ್ತಿದ್ದ ಚಿಕ್ಕ ಚಿಕ್ಕ ವಿಡಿಯೋಗಳಿಗೆ ನಾಲ್ಕು ಮಾತು ಸೇರಿಸಿದೆ. ಕಲಬುರಗಿಯ ಮನೆಮನೆಗಳಿಂದ ಆರ್ಡರು ಬರತೊಡಗಿದವು.

ಶಾಹೀನ್ ಅದಕ್ಕೆ ವೇಗ ಕೊಡಬೇಕೆಂದಳು. ಪುಟದ ಮೇಲೆ ಒಂದು ಎಣಿಕೆ ಕೂಡಿಸಿದಳು: ‘ಇನ್ನು ಇಷ್ಟೇ ಪೆಟ್ಟಿಗೆ ಉಳಿದಿವೆ. ಖಾಲಿಯಾಗುವ ಮೊದಲು ತರಿಸಿಕೊಳ್ಳಿ.’ ಮಾತು ನನ್ನದೇ. ಅಂಕಿ ಆ ದಿನ ಹಣ್ಣಾದ ಪೆಟ್ಟಿಗೆಗಳದ್ದು, ಇಡೀ ತೋಟದ್ದಲ್ಲ. ಓದುವವರಿಗೆ ಮಾತ್ರ ತೋಟವೇ ಮುಗಿಯುತ್ತಿದೆ ಅನ್ನಿಸಬೇಕು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮ ಕೆಲಸದ ಬಹುಪಾಲು ಆ ಎರಡರ ನಡುವಿನ ಓಣಿಯಲ್ಲೇ ನಡೆಯುತ್ತದೆ. ಇದನ್ನು ನಿಮಗೆ ಯಾರೂ ತರಗತಿಯಲ್ಲಿ ಹೇಳುವುದಿಲ್ಲ.

ಎಣಿಕೆ ಸೊನ್ನೆಯ ಹತ್ತಿರಕ್ಕೆ ಬಂದಂತೆ ಆರ್ಡರು ಏರಬೇಕಿತ್ತು. ಇಳಿಯಿತು. ಅಂಕಿ ದೊಡ್ಡದಿದ್ದಾಗ ತರಿಸುವವರು, ಚಿಕ್ಕದಾದ ಕೂಡಲೇ ಪುಟ ನೋಡಿ ಸುಮ್ಮನೆ ಹೋಗುತ್ತಿದ್ದರು. ಶಾಹೀನ್ ಅಂಕಿಯನ್ನು ಕೆಂಪು ಮಾಡಿದಳು. ಇನ್ನೂ ಇಳಿಯಿತು.

ನೀಲಮ್ಮನವರ ಫೋನು ಬಂತು. ದಿನಾ ಕೊನೆಯ ಪೆಟ್ಟಿಗೆಗಳು ಅಲ್ಲೇ ಉಳಿಯುತ್ತಿದ್ದವು, ಅವುಗಳ ಮೇಲೆ ಮರುದಿನದವು.

“ಹಣ್ಣು ಮೆತ್ತಗಾಗಾಕತ್ತಾವ ಅಕ್ಕೋರೆ. ಹಣ್ಣೇನು ನಿಮ್ಮ ಫೋನ್ ಹೇಳಿದಂಗ ಕೇಳ್ತಾವೇನು? ಬಸಲಿಂಗಪ್ಪ ದಿನಾ ಗಾಡಿ ನಿಂದ್ರಿಸಿ ಕೇಳ್ತಾನ, ಏನ್ ಯಕ್ಕಾ, ಹೆಸರು ಹಣ್ಣಾತೇನು ಅಂತ.” ಆಮೇಲೆ ದನಿ ಬದಲಾಯಿತು. “ಮತ್ತ ಇನ್ನೊಂದು. ಅದೇನದು ಖಾಲಿ ಖಾಲಿ ಅಂತ ಬರದೀರಿ? ನಮ್ಮ ಮನ್ಯಾಗ ಹಿಟ್ಟು ತಳ ಕಂಡ್ರೂ ಮುಗೀತು ಅನ್ನಂಗಿಲ್ಲ, ಹೆಚ್ಚಾಗ್ಯಾದ ಅಂತೀವಿ. ರೊಟ್ಟಿ ಬುಟ್ಯಾಗ ಒಂದರೆ ರೊಟ್ಟಿ ಬಿಡ್ತೀವಿ. ನೀವು ಊರಿಗೆಲ್ಲಾ ನನ್ನ ತೋಟ ಖಾಲಿ ಅಂತ ಡಂಗುರ ಹೊಡದೀರಿ.”

ಶಾಹೀನ್ ಎದುರಿಗೇ ಕೂತು ಕೇಳಿಸಿಕೊಂಡಳು. “ಅವ್ರಿಗಿ ಬ್ಯಾಸರ ಆಗ್ಯಾದ, ಖರೆ. ಆದ್ರ ಕೊಳ್ಳೋವ್ರು ಯಾಕ ನಿಂತ್ರು? ಅವ್ರಿಗೇನು ಶಾಸ್ತ್ರ?”

ನೀಲಮ್ಮನವರ ಸಿಟ್ಟು ಮತ್ತು ಗಿರಾಕಿಗಳ ಮೌನ ಬೇರೆ ಬೇರೆ ಎಂದೇ ನಾನೂ ತಿಳಿದೆ.

ಅದನ್ನು ಬಿಡಿಸಿದವರು ನಮ್ಮ ಪಕ್ಕದ ಮನೆಯ ಇಂದುಬಾಯಿ. ಮೊದಲ ವಾರ ನೀಲಮ್ಮನ ಹಣ್ಣು ತರಿಸಿ, ಓಣಿಗೆಲ್ಲ ಹೇಳಿದ್ದವರು ಅವರೇ. ಮಳೆ ಬಿಡುವು ಕೊಟ್ಟಿತ್ತೆಂದು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದರು. ಗೋಡೆಯಾಚೆಯಿಂದ ಕೇಳಿದೆ, ಈ ವಾರ ಯಾಕೆ ತರಿಸಲಿಲ್ಲ ಎಂದು.

“ನೋಡಿದ್ನಲ್ಲ ವೈನಿ. ನಾಕೋ ಐದೋ ಉಳದಾವ ಅಂತ ಬರದಿತ್ತು. ಪಾಪ, ಇದ್ದಿದ್ದೂ ನಾವs ಎತಗೊಂಡು ಬಂದ್ರ ಆ ಹೆಣ್ಮಗಳ ಮನ್ಯಾಗ ಏನು ಉಳೀತದ?”

“ಅಂಗಡಿ ಅದು, ಇಂದುಬಾಯಿ. ಮಾರಲಿಕ್ಕೇ ಇಟ್ಟದ್ದು.”

“ಅಂಗಡಿ ಹೆಂಗಾಗ್ತದ? ಫೋಟೋದಾಗ ಆಕಿ ಮಾರಿ ನೋಡೀನಿ, ಹೆಸರು ಗೊತ್ತದ, ಸೊಸಿ ಹುಲ್ಲು ಹೊದಸೋದು ನೋಡೀನಿ. ಒಬ್ಬರ ಮನಿಗಿ ಹೋಗಿ ಕಡೀ ಹೋಳಿಗಿಗಿ ಕೈ ಹಾಕ್ತೀರೇನು ನೀವು? ಮುಂದಿನ ಸಲ ಬಂದಾಗ ತಗೋಳೂಣಂತ ಬಿಟ್ಟೆ.”

ಸಂಡಿಗೆ ಹಿಟ್ಟು ಕೈಗೆ ಅಂಟಿಸಿಕೊಂಡೇ ಅವರು ಅದನ್ನು ಹೇಳಿದರು. ನಾನು ಕೆಳಗಿಳಿದು ನೇರ ಕಚೇರಿಗೆ ಹೋದೆ.

ಹೊಸಬರೇ, ಈ ಬರಹದಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ ಇರಬಹುದು. ಕಡಿಮೆ ಇದೆ ಅಂದರೆ ಜನ ಮುಗಿಬೀಳುತ್ತಾರೆ ಎಂಬುದು ನಿಜ. ಅದು ಅಪರಿಚಿತರ ನಡುವೆ ನಿಜ. ನಾವು ಮೊದಲು ಮುಖ ತೋರಿಸಿ, ಹೆಸರು ಹೇಳಿ, ನೀಲಮ್ಮನವರನ್ನು ಇಡೀ ಊರಿಗೆ ನೆರೆಮನೆಯವರನ್ನಾಗಿ ಮಾಡಿದೆವು. ಆಮೇಲೆ ಅವರ ಬುಟ್ಟಿಯ ತಳ ತೋರಿಸಿದೆವು. ನೆರೆಯವರು ಮಾಡುವುದನ್ನೇ ಜನ ಮಾಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು.

ಶಾಹೀನ್ ಒಪ್ಪಲಿಲ್ಲ. “ಆಂಟಿ, ಒಬ್ಬ ಇಂದುಬಾಯಿ ಅಂದ್ರ ಊರಲ್ಲ.”

“ಚಹಾದಂಗಡ್ಯಾಗ ಒಬ್ಬ ತಿರುಗಿದ್ರ ನಿಮ್ಮಪ್ಪಗ ಸಾಕಾಗ್ತಿತ್ತು.”

“ಅದಕ್ಕs ಅಬ್ಬಾ ಬ್ರಹ್ಮಪುರದಾಗs ಉಳದ್ರು.”

ಇಬ್ಬರೂ ನಕ್ಕೆವು. ಆಮೇಲೆ ಕೇಳಿದೆ: “ನಿಮ್ಮಪ್ಪ ಸಂಜೀಕ ಅಂಗಡಿ ಮುಚ್ಚು ಅಂತಿದ್ರೇನು?”

ಅವಳು ತಲೆಯಾಡಿಸಿದಳು. “ಇಲ್ಲ. ದುಕಾನ್ ಬಢಾವ್ ಅಂತಿದ್ರು.” ಬಢಾವ್ ಎಂದರೆ ಬೆಳೆಸು. ಮುಚ್ಚುವ ಹೊತ್ತಿನಲ್ಲಿ ಮುಚ್ಚು ಎನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ನಾನೂ ಕೇಳಿಲ್ಲ, ಅವಳೂ ಕೇಳಿಲ್ಲ.

“ಹಂಗಾರ ಏನು ಬರೀತೀರಿ?” ಎಂದಳು.

ಆ ಹೊಸ ಸಾಲು ಹೀಗಿತ್ತು: ‘ನಮ್ಮ ಮನೆಗೆ ಒಂದು ಗೊನೆ ತೆಗೆದಿಟ್ಟಿದ್ದೇವೆ. ಉಳಿದದ್ದೆಲ್ಲ ನಿಮಗೇ. ಸಂಕೋಚ ಬೇಡ.’

ಯಾರು ಬರೆದರು? ನನ್ನ ನೆನಪಿನಲ್ಲಿ ನಾನು. ಶಾಹೀನಳ ನೆನಪಿನಲ್ಲಿ ‘ಸಂಕೋಚ ಬೇಡ’ ಅವಳದ್ದು, ಅದಿಲ್ಲದೆ ಮೊದಲಿನ ಮಾತು ಸತ್ತಿರುತ್ತಿತ್ತು. ಆಗಲಿ. ಪ್ರಕಟಿಸುವ ಮೊದಲು ನೀಲಮ್ಮನವರನ್ನು ಕೇಳಲು ಫೋನು ಮಾಡಿದೆ. ತೋಟದಲ್ಲಿದ್ದರೋ ಏನೋ, ಎತ್ತಲಿಲ್ಲ. ಹಣ್ಣು ಕಾಯುವುದಿಲ್ಲ ಎಂದು ಕಳಿಸಿಬಿಟ್ಟೆವು. ಅರ್ಧ ಜನರಿಗೆ ಹಳೆಯ ಎಣಿಕೆ, ಇನ್ನರ್ಧಕ್ಕೆ ಈ ಮಾತು.

ಹೊಸ ಮಾತು ನೋಡಿದವರು ತರಿಸಿದರು. ಉಳಿದು ಬಿದ್ದಿದ್ದ ಪೆಟ್ಟಿಗೆಗಳು ಕರಗಿದವು. ಶಾಹೀನ್ ಎಣಿಕೆಯನ್ನು ತಾನೇ ಕಿತ್ತುಹಾಕಿದಳು. ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಇನ್ನೊಂದನ್ನೂ ಹೇಳಬೇಕು. ಅದೇ ವಾರ ಶ್ರಾವಣ ಹಿಡಿಯಿತು. ಶ್ರಾವಣದಲ್ಲಿ ಕಲಬುರಗಿಯಲ್ಲಿ ಬಾಳೆಹಣ್ಣು ಯಾರು ಏನು ಬರೆದರೂ ಹೋಗುತ್ತದೆ. ಹಳೆಯ ಎಣಿಕೆ ನೋಡಿದ ಅರ್ಧದವರೂ ಸ್ವಲ್ಪ ಹೆಚ್ಚೇ ತರಿಸಿದರು. ಹೊಸ ಮಾತಿನವರಷ್ಟಲ್ಲ ಎಂದು ಪರದೆ ಹೇಳಿತು. ಆ ವ್ಯತ್ಯಾಸದಲ್ಲಿ ನಮ್ಮ ಪಾಲೆಷ್ಟು, ಸೋಮವಾರದ ಪೂಜೆಯ ಪಾಲೆಷ್ಟು, ಪರದೆಗೂ ತಿಳಿಯದು.

ನನ್ನನ್ನು ಕಾಡಿದ್ದು ಬೇರೆ. ಇಂದುಬಾಯಿ ಮತ್ತೆ ಹಣ್ಣು ತರಿಸಿ, “ಮನಿಗಿ ಇಟಗೊಂಡಾರಂತ, ಛಲೋ ಆತು” ಎಂದು ನೆಮ್ಮದಿಯಿಂದ ತಿಂದರು. ಮನೆಗೆ ಇಟ್ಟುಕೊಂಡಿದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಿಜ ಸುಳ್ಳಿನ ನಡುವಿನ ಆ ಓಣಿಯಲ್ಲಿ ನಡೆದು ಅಭ್ಯಾಸವಿದ್ದವಳಿಗೆ ಆ ಸಲ ಯಾಕೋ ತಡೆಯಲಾಗಲಿಲ್ಲ. ಕಮಲಾಪುರದ ಬಸ್ಸು ಹತ್ತಿದೆ.

ನೀಲಮ್ಮನವರ ಪಡಸಾಲೆಯ ತೊಲೆಗೆ ಒಂದು ಗೊನೆ ತೂಗುತ್ತಿತ್ತು. ಕೆಂಪು ಹೋಗಿ ಕಂದು ಹತ್ತಿ, ಘಮ ಬಾಗಿಲ ತನಕ ಬರುತ್ತಿತ್ತು. ಬಸಲಿಂಗಪ್ಪ ಅದರ ಕೆಳಗೇ ಕೂತಿದ್ದ. ದಪ್ಪ ಮೀಸೆಯ, ನಗುಮುಖದ ಮನುಷ್ಯ. ಕೆಟ್ಟವನಂತೆ ಕಾಣಲಿಲ್ಲ.

“ಬರ್ರಿ ಬರ್ರಿ, ಹೆಸರು ಬರದಾವ್ರು ಬಂದ್ರು,” ಎಂದ ನನ್ನನ್ನು ಪರಿಚಯಿಸಿದಾಗ. ಕಲಬುರಗಿಯಲ್ಲಿ ಒಂದು ದೊಡ್ಡ ಮನೆಯ ಮದುವೆಗೆ ಹಣ್ಣು ಒಪ್ಪಿಕೊಂಡಿದ್ದನಂತೆ.

“ಯಾರ ತೋಟದ್ದರೆ ಕೊಡು ಅಂದಿದ್ರ ನಾ ಇಲ್ಲಿ ಬರ್ತಿದ್ದಿಲ್ಲ ಯಕ್ಕಾ. ನೀಲಮ್ಮನ ಹಣ್ಣs ಬೇಕಂತ. ಆ ಬಾಕ್ಸಿನ್ಯಾಗs ಬೇಕಂತ.”

“ಸಿಪ್ಪಿ ಜೊತಿ ಬಿಸಾಕ್ತಾರ ಅಂದಿದ್ದಿ?”

“ಬಿಸಾಕ್ಲಿಲ್ಲ ಬಿಡು. ನಿನ್ನ ಹೆಸರಿನ ಬಾಕ್ಸಿನ್ಯಾಗs ಕೊಡು, ನಾ ಬರೇ ಒಯ್ಯಾಂವ.”

ನೀಲಮ್ಮ ನನ್ನ ಕಡೆ ನೋಡಿದರು. ಆಗಲೂ ನಗಲಿಲ್ಲ. ತೋಟದಲ್ಲಿ ಕೊಯ್ಯಲು ಸಿದ್ಧವಿದ್ದದ್ದನ್ನೆಲ್ಲ ಲೆಕ್ಕ ಹಾಕಿ ಹೇಳಿದರು. ಮದುವೆಗೆ ಇನ್ನೂ ಒಂದು ಗೊನೆ ಕಡಿಮೆ ಬೀಳುತ್ತಿತ್ತು. ಬಸಲಿಂಗಪ್ಪ ಕತ್ತು ಎತ್ತಿ ತೊಲೆಯ ಕಡೆ ನೋಡಿದ.

“ಇದನ್ನೂ ಹಾಕು, ಆಗ್ತದ.”

“ಅದಿಲ್ಲ.”

“ಯಾಕ? ನಾಳೀಗಿ ಕಪ್ಪ ಆಗ್ತದ ಅದು.”

“ಆಗಲಿ. ಮನಿಗಿ ತಗದಿಟ್ಟೀವಿ ಅಂತ ಬರದು ಊರಿಗೆಲ್ಲಾ ಹೇಳ್ಯಾರ ಅಕ್ಕೋರು. ಕೊಟ್ರ ಸುಳ್ಳ ಆಗ್ತದ.”

ಬಸಲಿಂಗಪ್ಪ ನನ್ನ ಕಡೆ ತಿರುಗಿದ. “ಛಲೋ ಬರದೀರಿ ತಗೋರಿ.” ಒಂದು ಹಣ್ಣು ಕೇಳಿದ. ನೀಲಮ್ಮ ಕಿತ್ತುಕೊಟ್ಟರು. ಅವನು ಅಲ್ಲೇ ಸುಲಿದು ತಿಂದು, ಮದುವೆಯ ಮಾತು ಮುಗಿಸಿ ಹೋದ.

ನಾನು ಕೇಳಬೇಕಾದ್ದನ್ನು ಕೇಳಿದೆ. ಈ ಗೊನೆ ನಮ್ಮ ಮಾತು ಓದಿದ ಮೇಲೆ ತೂಗುಹಾಕಿದ್ದೋ, ಮೊದಲೇ ಇತ್ತೋ?

“ನೀವು ಬರದಿದ್ದು ಸೊಸಿ ಓದಿ ಹೇಳಿದ್ಲು. ಅವತ್ತs ಕಟ್ಟಿಸೀನಿ,” ಎಂದರು ನೀಲಮ್ಮ.

ಒಳಗಿನಿಂದ ಸೊಸೆಯ ದನಿ: “ಇಲ್ರಿ ಅಕ್ಕೋರೆ. ಅತ್ತಿ ಪ್ರತಿ ಸಲ ಒಂದು ಕಟ್ತಾರ. ನಾ ಈ ಮನಿಗಿ ಬಂದಾಗಿಂದ ನೋಡೀನಿ.”

“ಪ್ರತಿ ಸಲ ಎಲ್ಲೀದು? ಹೋದ ವರ್ಷ ಬಸಲಿಂಗಪ್ಪ ಎಲ್ಲಾನೂ ಒಯ್ದಿದ್ದ.”

“ಹೋದ ವರ್ಷ ಅಡಗಿ ಮನ್ಯಾಗ ಕಟ್ಟಿದ್ರಿ, ನಿಮಗ ನೆನಪಿಲ್ಲ.”

ಅತ್ತೆ ಸೊಸೆ ವಾದಕ್ಕಿಳಿದರು. ಅತ್ತೆಯ ಮಾತು ಸರಿಯಾದರೆ ನನ್ನ ಜಾಹೀರಾತು ತನ್ನನ್ನು ತಾನೇ ನಿಜ ಮಾಡಿಸಿಕೊಂಡಿತು. ಸೊಸೆಯದು ಸರಿಯಾದರೆ ನಾನು ತಿಳಿಯದೆ ನಿಜ ಬರೆದೆ. ಯಾವುದನ್ನು ಇಲ್ಲಿ ಇಡಲಿ ಎಂದು ಬಹಳ ಹೊತ್ತು ಯೋಚಿಸಿದೆ, ಎರಡನ್ನೂ ಇಟ್ಟಿದ್ದೇನೆ.

ನೀಲಮ್ಮ ಗೊನೆಯಿಂದ ಹಣ್ಣು ಕಿತ್ತು ನನ್ನ ಚೀಲಕ್ಕೆ ಹಾಕತೊಡಗಿದರು. ಸಾಕು, ನಿಮಗೇ ಉಳಿಯುವುದಿಲ್ಲ ಎಂದೆ.

“ಸಂಕೋಚ ಬ್ಯಾಡ ಅಂತ ನೀವs ಬರದೀರಿ,” ಎಂದು ಇನ್ನೆರಡು ಹಾಕಿದರು.